ಮಂದೆಯ ಕಾವಲುನಾಯಿ

ಮಾನವನು ಪಳಗಿಸಿಕೊಂಡ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಹಸು, ಕುರಿ, ಕುದುರೆಗಳು ಅವನ ಅಂಗಳಕ್ಕೆ ಬರುವುದಕ್ಕೆ ಸಾವಿರಾರು ವರ್ಷಗಳ ಮುಂಚೆಯೇ ನಾಯಿಯು ಅವನ ಬೆಂಕಿಯ ಬಳಿ ಮಲಗಿತ್ತು. ಅಂದಿನಿಂದ ಇಂದಿನವರೆಗೆ ಅದು ಮಾಡದ ಊಳಿಗವಿಲ್ಲ. ಬೇಟೆಯಾಡಿತು, ಮನೆ ಕಾಯಿತು, ಹಿಮದ ಮೇಲೆ ಬಂಡಿ ಎಳೆಯಿತು, ಕುರುಡರಿಗೆ ದಾರಿ ತೋರಿತು, ಪೊಲೀಸರ ಜೊತೆಯಲ್ಲಿ ಕಳ್ಳರ ಜಾಡು ಹಿಡಿಯಿತು. ಇವೆಲ್ಲವನ್ನೂ ನಗರದ ವಿದ್ಯಾರ್ಥಿಗಳಾದ ನೀವು ಕೇಳಿ ಬಲ್ಲಿರಿ. ಆದರೆ ಕುರಿಗಳ ನಡುವೆ ಬೆಳೆದು, ಕುರಿಗಳನ್ನೇ ತನ್ನ ಬಂಧುಬಳಗವೆಂದು ತಿಳಿದು, ಇರುಳೆಲ್ಲ ಎಚ್ಚರವಾಗಿದ್ದು ಅವನ್ನು ಕಾಯುವ ನಾಯಿಯ ಸಂಗತಿಯನ್ನು ಅರಿತವರು ಕಡಮೆ. ಅದರ ಬಾಳು ಎಂಥದು, ಅದನ್ನು ಸಾಕುವುದೆಂದರೇನು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಕಳಮೇಶ್ವರದ ಬಯಲು

ನಾಗಪುರದಿಂದ ಇಟಾರ್ಸಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ನಗರವನ್ನು ಬಿಟ್ಟು ೨೦ ಕಿಲೋಮೀಟರಿನ ಆಸುಪಾಸಿನಲ್ಲಿ ಕಳಮೇಶ್ವರವೆಂಬ ಊರು ಸಿಕ್ಕುತ್ತದೆ. ಇದೊಂದು ತಾಲ್ಲೂಕಿನ ಕೇಂದ್ರ. ಊರಿನ ಬದಿಗೆ ಕಾರ್ಖಾನೆಗಳು ಎದ್ದಿದ್ದರೂ ಸುತ್ತಲಿನದು ಹತ್ತಿ, ತೊಗರಿ, ಕಿತ್ತಳೆ ಬೆಳೆಯುವ ಕಪ್ಪು ನೆಲ. ಸುಗ್ಗಿ ಮುಗಿದ ಮೇಲೆ ವಿದರ್ಭದ ಇಂಥ ಹೊಲಗಳಲ್ಲಿ ಕುರಿಮಂದೆಗಳು ಬೀಡುಬಿಡುತ್ತವೆ. ಮಂದೆಯು ಕೂಳೆಯನ್ನೂ ಉದುರಿದ ಎಲೆಯನ್ನೂ ಮೇಯುತ್ತದೆ. ಇರುಳು ಅಲ್ಲಿಯೇ ತಂಗಿ ನೆಲಕ್ಕೆ ಗೊಬ್ಬರವನ್ನು ಕೊಡುತ್ತದೆ. ಹೊಲದೊಡೆಯನು ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ನಮ್ಮ ಬಿಜಾಪುರ, ಬಾಗಲಕೋಟೆ, ಬೆಳಗಾವಿಗಳ ರೈತನಿಗೂ ಕುರುಬನಿಗೂ ತಲೆತಲಾಂತರದಿಂದ ನಡೆದುಬಂದ ಒಪ್ಪಂದವೇ ಇದು. ವಿದರ್ಭದಲ್ಲಿ ಹೀಗೆ ಮಂದೆ ನಡೆಸುವವರಲ್ಲಿ ಅಲ್ಲಿಯ ಕುರ್ಮಾರರೂ ಧನಗರರೂ ಇದ್ದಾರೆ; ಒಂಟೆಗಳ ಮೇಲೆ ಸಂಸಾರವನ್ನೆಲ್ಲ ಹೇರಿಕೊಂಡು ಊರೂರು ಅಲೆಯುವ ಕಚ್ಛದ ರಬಾರಿಗಳೂ ಇದ್ದಾರೆ.

ಇಲ್ಲಿಗೆ ಕನ್ನಡನಾಡು ಬಲು ದೂರ. ಆದರೂ ಈ ಸೀಮೆಗೆ ಕನ್ನಡದ ನಂಟಿಲ್ಲದೆ ಇಲ್ಲ. ಸರ್ ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯಲ್ಲಿ ದ್ರಾವಿಡ ಭಾಷೆಗಳಿಗೆ ಸಂಬಂಧಿಸಿದ ಸಂಪುಟವು ೧೯೦೬ರಲ್ಲಿ ಹೊರಬಂದಿತು. ಅದರಲ್ಲಿ ಅಂದಿನ ಮಧ್ಯಪ್ರಾಂತ್ಯದ ‘ಗೋಲರಿ’ ಎಂಬ ನುಡಿಯನ್ನು ಕನ್ನಡದ ಒಂದು ಉಪಭಾಷೆಯೆಂದು ಕಾಣಿಸಿದ್ದಾರೆ. ಅದನ್ನಾಡುತ್ತಿದ್ದ ಗೋಲರರು ಮಂದೆಯ ಬೆನ್ನು ಹಿಡಿದು ಅಲೆಯುವ ಗೋಪಾಲಕರು. ನಮ್ಮ ‘ಗೊಲ್ಲ’ ಎಂಬ ಮಾತನ್ನು ನೆನೆದರೆ ಆ ಹೆಸರು ನಮಗೆ ಪರಕೀಯವೆನಿಸದು. ಮೇವನ್ನು ಅರಸಿ ಮಂದೆ ನಡೆದಲ್ಲಿಗೆ ಮನುಷ್ಯನು ನಡೆದನು. ಅವನೊಡನೆ ಅವನ ನುಡಿಯೂ ನಡೆಯಿತು, ಅವನ ನಾಯಿಯೂ ನಡೆಯಿತು.

ಈ ಬಯಲಿನಲ್ಲಿ ಇರುಳು ಕಳೆಯುವುದು ಕುರಿಗಳಿಗೆ ನಿರ್ಭಯವಾದ ಮಾತಲ್ಲ. ಹುಲ್ಲುಗಾವಲಿನಲ್ಲಿ ತೋಳ, ಕುರುಚಲು ಕಾಡಿನಲ್ಲಿ ಚಿರತೆ, ಹಳ್ಳದ ದಡದಲ್ಲಿ ನರಿ, ಊರಂಚಿನಲ್ಲಿ ಗುಂಪುಗೂಡಿದ ಒಡೆಯನಿಲ್ಲದ ನಾಯಿಗಳು — ಇವೆಲ್ಲವೂ ಕುರಿಗೆ ಹಗೆಗಳೇ. ಕುರಿಗಾರನ ಬಳಿ ಇರುವುದು ಒಂದು ಕೋಲು, ಒಂದು ಕಂಬಳಿ, ಒಂದು ದೀಪ. ಹಗಲೆಲ್ಲ ನಡೆದ ಅವನಿಗೆ ನಿದ್ರೆ ಬಾರದಿರುವುದುಂಟೆ? ಅವನು ಕಣ್ಣು ಮುಚ್ಚಿದಾಗ ತೆರೆದಿರುವ ಕಣ್ಣು ನಾಯಿಯದು.

ಬೇಟೆಯ ನಾಯಿ, ಕಾವಲಿನ ನಾಯಿ

ಕುರಿಗಳ ಜೊತೆಯಲ್ಲಿರುವ ನಾಯಿಗಳೆಲ್ಲವೂ ಒಂದೇ ಬಗೆಯವೆಂದು ತಿಳಿಯಬಾರದು. ಚಿತ್ರಪುಸ್ತಕಗಳಲ್ಲಿ ಕಾಣುವ ಆಂಗ್ಲ ದೇಶದ ಕಾಲಿ ನಾಯಿಯು ಒಡೆಯನ ಸಿಳ್ಳಿಗೆ ತಕ್ಕಂತೆ ಓಡಾಡಿ ಕುರಿಗಳನ್ನು ಕೂಡಿಸುತ್ತದೆ, ತಿರುಗಿಸುತ್ತದೆ. ಅದು ಕುರಿಯನ್ನು ದುರುಗುಟ್ಟಿ ನೋಡುವ ಬಗೆ ಬೇಟೆಯ ಮೃಗದ್ದೇ. ಕಚ್ಚುವುದೊಂದನ್ನು ಮಾತ್ರ ತಡೆದಿಡಲಾಗಿದೆ. ಕಾವಲಿನ ನಾಯಿಯ ಗುಣ ಇದಕ್ಕೆ ತದ್ವಿರುದ್ಧ. ಅದು ಕುರಿಗಳನ್ನು ಅಟ್ಟುವುದಿಲ್ಲ, ಬೆದರಿಸುವುದಿಲ್ಲ; ಅವುಗಳ ನಡುವೆ ಮೆಲ್ಲನೆ ನಡೆದು, ಅವು ಮಲಗಿದಲ್ಲಿಯೇ ಮಲಗುತ್ತದೆ. ನಮ್ಮ ನಾಡಿನಲ್ಲಿ ಕುರಿಗಳನ್ನು ತಿರುಗಿಸುವ ಕೆಲಸವನ್ನು ಕುರಿಗಾರನೇ ತನ್ನ ಕೂಗಿನಿಂದ ಮಾಡುತ್ತಾನೆ. ನಾಯಿಯ ಪಾಲಿಗೆ ಬಂದುದು ಕಾವಲು.

ಮುಧೋಳದ ನಾಯಿಯ ಹೆಸರನ್ನು ಕನ್ನಡಿಗರೆಲ್ಲ ಕೇಳಿದ್ದಾರೆ. ಉದ್ದ ಕಾಲು, ಸಣ್ಣ ನಡು, ಬಿಲ್ಲಿನಂಥ ಬೆನ್ನುಳ್ಳ ಆ ನಾಯಿಯು ಮೂಲತಃ ಕಣ್ಣಿಂದ ಕಂಡು ಓಡಿ ಹಿಡಿಯುವ ಬೇಟೆಯ ನಾಯಿ. ೨೦೦೫ರಲ್ಲಿ ಅಂಚೆ ಇಲಾಖೆಯವರು ಭಾರತದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳ, ರಾಂಪುರ, ರಾಜಪಾಳಯಂಗಳ ಜೊತೆಗೆ ಹಿಮಾಲಯದ ಕುರಿನಾಯಿಗೂ ಸ್ಥಾನ ದೊರೆಯಿತು. ಅಂಚೆಚೀಟಿ ಕೂಡಿಡುವ ಹವ್ಯಾಸವುಳ್ಳವರು ಈ ನಾಲ್ಕನ್ನು ಅಕ್ಕಪಕ್ಕದಲ್ಲಿರಿಸಿ ನೋಡಲಿ. ಮುಧೋಳದ್ದು ಓಟಕ್ಕಾಗಿ ಕಡೆದ ಮೈ. ಹಿಮಾಲಯದ್ದು ದಟ್ಟ ರೋಮ ಹೊದ್ದು, ನಿಂತಲ್ಲಿ ನಿಲ್ಲುವುದಕ್ಕಾಗಿ ಬೆಳೆದ ಮೈ.

ನಾಯಿಯನ್ನು ಗೌರವಿಸಿದ ಸಂಪ್ರದಾಯ ನಮ್ಮಲ್ಲಿ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕನ್ನಡ ಶಾಸನದಲ್ಲಿ ‘ಕಾಳಿ’ ಎಂಬ ಬೇಟೆನಾಯಿಯ ಕಥೆಯಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನೆಂಬ ವೀರನು ಗಂಗ ದೊರೆ ಬೂತುಗನಿಂದ ಬೇಡಿ ಪಡೆದುದು ಆ ನಾಯಿಯನ್ನೇ. ಅದು ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕುರಿಗಾರರು ಭಕ್ತಿಯಿಂದ ನಡೆದುಕೊಳ್ಳುವ ಮೈಲಾರಲಿಂಗನ ಗೊರವರಂತೂ ತಮ್ಮನ್ನು ಆ ದೇವರ ನಾಯಿಗಳೆಂದೇ ಭಾವಿಸಿ, ದೋಣಿಯಲ್ಲಿ ಹಾಕಿದ ಪ್ರಸಾದವನ್ನು ಬಾಯಿಂದಲೇ ಸ್ವೀಕರಿಸುವ ಸೇವೆಯನ್ನು ನಡೆಸುತ್ತಾರೆ. ಕಾವಲುನಾಯಿಯ ನಿಷ್ಠೆಯನ್ನು ಕಣ್ಣಾರೆ ಕಂಡ ಜನರಿಗೆ ಇದು ವಿಚಿತ್ರವಾಗಿ ತೋರಲಿಲ್ಲ.

ಹುಟ್ಟಿನಿಂದಷ್ಟೇ ಬರುವ ವಿದ್ಯೆಯಲ್ಲ

ಇಂಥ ನಾಯಿಯು ಕುರಿಯನ್ನು ಏಕೆ ಕಾಯುತ್ತದೆ? ಮಾಂಸವನ್ನು ತಿನ್ನುವ ಪ್ರಾಣಿಯು ಮಾಂಸದ ರಾಶಿಯ ನಡುವೆಯೇ ಮಲಗಿ ಒಂದು ಮರಿಯನ್ನೂ ಮುಟ್ಟದಿರುವುದು ಹೇಗೆ? ಇದರ ಗುಟ್ಟು ಅದರ ಬಾಲ್ಯದಲ್ಲಿದೆ. ನಾಯಿಮರಿಗೆ ಸುಮಾರು ಮೂರು ವಾರ ತುಂಬಿದಾಗಿನಿಂದ ಮೂರು ನಾಲ್ಕು ತಿಂಗಳಾಗುವವರೆಗೆ ಒಂದು ವಿಶೇಷ ಕಾಲವಿದೆ. ಆ ಕಾಲದಲ್ಲಿ ಅದು ಯಾರೊಡನೆ ಉಂಡು, ಮಲಗಿ, ಮೂಸಿ ಬೆಳೆಯುತ್ತದೆಯೋ ಅವರೇ ಅದಕ್ಕೆ ಜೀವನಪರ್ಯಂತ ತನ್ನವರು. ಆದುದರಿಂದಲೇ ಬಲ್ಲ ಕುರಿಗಾರನು ಮರಿಯು ಎಳೆಯದಾಗಿರುವಾಗಲೇ ಅದನ್ನು ಕುರಿಗಳ ದೊಡ್ಡಿಯಲ್ಲಿ ಬಿಡುತ್ತಾನೆ.

ಪ್ರಸಿದ್ಧ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನರು ೧೮೩೩ರಲ್ಲಿ ದಕ್ಷಿಣ ಅಮೆರಿಕದ ಇಂದಿನ ಉರುಗ್ವೇ ದೇಶದಲ್ಲಿ ಇದನ್ನು ಕಂಡು ಬೆರಗಾದರು. ಮನುಷ್ಯರ ವಸತಿಯಿಂದ ಮೈಲಿಗಟ್ಟಲೆ ದೂರದಲ್ಲಿ, ಕುರಿಗಾರನಿಲ್ಲದ ಮಂದೆಯನ್ನು ಒಂದೆರಡು ನಾಯಿಗಳೇ ಕಾಯುತ್ತಿದ್ದವು. ಅಲ್ಲಿಯ ಜನರು ಎಳೆಯ ನಾಯಿಮರಿಯನ್ನು ತಾಯಿಯಿಂದ ಅಗಲಿಸಿ, ದಿನಕ್ಕೆ ಮೂರು ನಾಲ್ಕು ಸಲ ಹೆಣ್ಣು ಕುರಿಯ ಹಾಲು ಕುಡಿಸಿ, ದೊಡ್ಡಿಯಲ್ಲಿ ಉಣ್ಣೆಯ ಹಾಸಿಗೆ ಮಾಡಿಕೊಡುತ್ತಿದ್ದರಂತೆ. ಬೆಳೆದ ನಾಯಿಯು ದಿನಕ್ಕೊಮ್ಮೆ ಮಾಂಸಕ್ಕಾಗಿ ಮನೆಗೆ ಬಂದಾಗ ಮನೆಯ ನಾಯಿಗಳು ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದವು. ಅದು ನಾಚಿದಂತೆ ಓಡುತ್ತಿತ್ತು. ಆದರೆ ತನ್ನ ಮಂದೆಯನ್ನು ಸೇರಿದೊಡನೆ ಹಿಂದಿರುಗಿ ನಿಂತು ಬೊಗಳುತ್ತಿತ್ತು. ಆಗ ಓಟ ಕೀಳುವ ಸರದಿ ಮನೆನಾಯಿಗಳದಾಗುತ್ತಿತ್ತು!

ಒಳ್ಳೆಯ ಕಾವಲುನಾಯಿಗೆ ಇರಬೇಕಾದ ಗುಣಗಳು ಮೂರು. ಮಂದೆಯನ್ನು ಬಿಟ್ಟು ಅಗಲದ ಗಮನ ಒಂದು. ಕುರಿಗೆ ಕೇಡು ಮಾಡದ ನಂಬಿಕೆ ಎರಡು. ಅಪಾಯ ಬಂದಾಗ ಮುಂದೆ ನಿಲ್ಲುವ ರಕ್ಷಣೆಯ ಬುದ್ಧಿ ಮೂರು. ಹುಟ್ಟುಗುಣ, ಬಾಲ್ಯದ ಸಹವಾಸ, ಒಡೆಯನ ತಿದ್ದುವಿಕೆ — ಈ ಮೂರೂ ಕೂಡಿದರೆ ಮಾತ್ರ ಇವು ಕೈಗೂಡುತ್ತವೆ. ಹರೆಯದ ನಾಯಿಯು ಆಟದ ಭರದಲ್ಲಿ ಕುರಿಮರಿಯ ಕಿವಿ ಎಳೆಯುವುದುಂಟು, ಓಡಿಸುವುದುಂಟು. ಆಗ ಒಡೆಯನು ಕೂಡಲೇ ಗದರಿಸಿ ಬಿಡಿಸತಕ್ಕದ್ದು. ಹೀಗೆ ಒಂದೂವರೆ ಎರಡು ವರ್ಷ ತಾಳ್ಮೆಯಿಂದ ಕಾದರೆ ನಾಯಿಯು ತನ್ನ ಕೆಲಸದಲ್ಲಿ ಪಕ್ವವಾಗುತ್ತದೆ.

ಅದರ ಕಾಳಗದ ರೀತಿಯೂ ತಿಳಿಯತಕ್ಕದ್ದು. ಕಾವಲುನಾಯಿಯು ದಿನವೂ ತೋಳಗಳನ್ನು ಕೊಂದು ಕೆಡಹುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಮಂದೆಯ ಸುತ್ತಲೂ ಮೂತ್ರದಿಂದ ಗಡಿ ಗುರುತಿಸುತ್ತದೆ. ಗಾಳಿಯ ವಾಸನೆ ಹಿಡಿದು ಬೊಗಳುತ್ತದೆ. ಮಂದೆಗೂ ಶತ್ರುವಿಗೂ ನಡುವೆ ಅಡ್ಡ ನಿಲ್ಲುತ್ತದೆ. ತೋಳಕ್ಕೆ ಬೇಕಾದುದು ಊಟವೇ ಹೊರತು ಯುದ್ಧವಲ್ಲ. ಗಾಯಗೊಂಡ ತೋಳ ಬೇಟೆಯಾಡಲಾರದೆ ಹಸಿವಿನಿಂದ ಸಾಯಬೇಕಾದೀತು. ಆದುದರಿಂದ ಎಚ್ಚೆತ್ತ ನಾಯಿಯನ್ನು ಕಂಡ ತೋಳವು ಬಹುಮಟ್ಟಿಗೆ ಬೇರೆ ದಾರಿ ಹಿಡಿಯುತ್ತದೆ. ಚಿರತೆಯ ಮಾತು ಹಾಗಲ್ಲ. ನಾಯಿಯೇ ಅದಕ್ಕೆ ಆಹಾರ. ಅದಕ್ಕಾಗಿ ಹಿಮಾಲಯದ ಕುರಿಗಾರರು ನಾಯಿಯ ಕೊರಳಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸುತ್ತಾರೆ. ತುರ್ಕಿ ದೇಶದವರ ಪಟ್ಟಿಯಲ್ಲಿ ಮುಳ್ಳುಗಳೂ ಇರುತ್ತವೆ.

ನಾನಾ ದೇಶಗಳಲ್ಲಿ

ಹಿಮಾಚಲದ ಗದ್ದಿ ನಾಯಿ, ತುರ್ಕಿಯ ಕಾಂಗಾಲ್, ಇಟಲಿಯ ಮರೆಮ್ಮ, ಫ್ರಾನ್ಸು-ಸ್ಪೇನುಗಳ ಗಡಿಯ ಪಿರಿನೀಸ್ ಬೆಟ್ಟದ ಬಿಳಿಯ ನಾಯಿ — ಇವೆಲ್ಲ ಪ್ರಸಿದ್ಧವಾದ ಕಾವಲು ತಳಿಗಳು. ದೊಡ್ಡವು ೫೦ ಕಿಲೋಗ್ರಾಂ ಮೀರಿಯೂ ತೂಗುತ್ತವೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ರೋಮನ್ ಲೇಖಕ ಕೊಲುಮೆಲ್ಲನು ಕುರಿಗಾರನ ನಾಯಿ ಬಿಳಿಯದಾಗಿರಬೇಕೆಂದು ಬರೆದನು; ಮಬ್ಬುಗತ್ತಲಲ್ಲಿ ತೋಳವೆಂದು ಭ್ರಮಿಸಿ ತನ್ನ ನಾಯಿಯನ್ನೇ ಹೊಡೆಯಬಾರದೆಂಬುದು ಅವನ ವಾದ. ನಮ್ಮ ದಖ್ಖನ್ನಿನ ಕುರಿಗಾರರ ನಾಯಿಗಳು ಇವುಗಳಷ್ಟು ಭಾರಿಯಾದುವಲ್ಲ. ಆದರೆ ನಮ್ಮ ಬಿಸಿಲಿಗೂ ಅಲೆದಾಟಕ್ಕೂ ಹಗುರಾದ ಮೈಯೂ ಗಿಡ್ಡ ರೋಮವೂ ಒಗ್ಗುತ್ತವೆ.

ಆಸ್ಟ್ರೇಲಿಯದ ವಾರ್ನಂಬೂಲ್ ಎಂಬ ಊರಿನ ತೀರದಲ್ಲಿ ಮಿಡ್ಲ್ ಐಲೆಂಡ್ ಎಂಬ ಕಿರುದ್ವೀಪವಿದೆ. ಅಲ್ಲಿ ಕಿರಿಯ ಪೆಂಗ್ವಿನ್ ಪಕ್ಷಿಗಳು ಗೂಡು ಮಾಡುತ್ತಿದ್ದವು. ಸಮುದ್ರ ಇಳಿದಾಗ ನರಿಗಳು ದಾಟಿಬಂದು ಅವನ್ನು ಕೊಂದು, ೨೦೦೫ರ ಹೊತ್ತಿಗೆ ನೂರಾರು ಪಕ್ಷಿಗಳಿದ್ದಲ್ಲಿ ಹತ್ತು ಕೂಡ ಉಳಿಯಲಿಲ್ಲ. ಕೋಳಿ ಸಾಕುತ್ತಿದ್ದ ರೈತನೊಬ್ಬನ ಸೂಚನೆಯಂತೆ ೨೦೦೬ರಲ್ಲಿ ಮರೆಮ್ಮ ನಾಯಿಗಳನ್ನು ಕಾವಲಿಗಿಟ್ಟರು. ಪಕ್ಷಿಗಳು ಮತ್ತೆ ನೂರನ್ನು ಮೀರಿದವು. ಆಫ್ರಿಕದ ನಮೀಬಿಯದಲ್ಲಿ ಆಡುಕುರಿಗಳನ್ನು ಹಿಡಿಯುತ್ತವೆಂದು ರೈತರು ಚೀತಾಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ೧೯೯೪ರಿಂದ ಅಲ್ಲಿಯ ಚೀತಾ ಸಂರಕ್ಷಣ ಸಂಸ್ಥೆಯವರು ರೈತರಿಗೆ ತುರ್ಕಿಯ ಕಾವಲುನಾಯಿಗಳ ಮರಿಗಳನ್ನು ಕೊಡತೊಡಗಿದರು. ಕುರಿಗಳು ಉಳಿದವು; ರೈತನ ಕೋವಿಗೆ ಕೆಲಸ ಕಡಮೆಯಾಗಿ ಚೀತಾಗಳೂ ಉಳಿದವು.

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ದೇಶದ ತೋಳವನ್ನು ೧೯೭೨ರ ವನ್ಯಜೀವಿ ಸಂರಕ್ಷಣ ಕಾಯಿದೆಯು ರಕ್ಷಿಸುತ್ತದೆ. ೧೯೭೪ರಲ್ಲಿ ಸ್ಥಾಪಿತವಾದ ಮೇಲುಕೋಟೆಯ ಅಭಯಾರಣ್ಯದ ಮುಖ್ಯ ಉದ್ದೇಶ ತೋಳಗಳ ಸಂರಕ್ಷಣೆಯೇ ಆಗಿತ್ತು. ಆದರೆ ಒಂದೇ ರಾತ್ರಿ ಐದಾರು ಕುರಿಗಳನ್ನು ಕಳೆದುಕೊಂಡ ಬಡ ಕುರಿಗಾರನಿಗೆ ಕಾಯಿದೆಯ ಮಾತು ಹೇಗೆ ರುಚಿಸೀತು? ಅವನ ಸಿಟ್ಟು ವಿಷವಾಗಿ ತೋಳದ ಬಾಯಿಗೆ ಬೀಳದಂತೆ ತಡೆಯುವ ಸಾಧನಗಳಲ್ಲಿ ಒಳ್ಳೆಯ ಕಾವಲುನಾಯಿಯೂ ಒಂದು.

ಆರೈಕೆಯ ಕ್ರಮ

ಹೀಗೆ ನಮಗಾಗಿ ಎಚ್ಚರವಿರುವ ಪ್ರಾಣಿಗೆ ನಾವು ಸಲ್ಲಿಸಬೇಕಾದುದೇನು? ಮೊದಲನೆಯದು ಆಹಾರ. ರೊಟ್ಟಿ, ಮುದ್ದೆ, ಮಜ್ಜಿಗೆಗಳ ಮೇಲೆಯೇ ಎಷ್ಟೋ ನಾಯಿಗಳು ಬದುಕುತ್ತವೆ. ಆದರೆ ಬೆಳೆಯುವ ಮರಿಗೆ ಮೊಟ್ಟೆ, ಬೇಯಿಸಿದ ಮಾಂಸದಂಥ ಪುಷ್ಟಿಯೂ ಬೇಕು. ದೊಡ್ಡ ತಳಿಯ ಮರಿಯನ್ನು ಅತಿಯಾಗಿ ತಿನ್ನಿಸಿ ಬೇಗ ಬೆಳೆಸುವುದು ಸರಿಯಲ್ಲ. ಮೈತೂಕ ಏರಿದಂತೆ ಎಳೆಯ ಮೂಳೆ ಕೀಲುಗಳು ಕೆಡುತ್ತವೆ. ಬೇಯಿಸಿದ ಮೂಳೆ ಸೀಳಿ ಕರುಳನ್ನು ಇರಿಯಬಲ್ಲುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷ.

ಎರಡನೆಯದು ಜಂತುಗಳ ವಿಷಯ. ಕುರಿ ಕೊಯ್ದಾಗ ಹಸಿಯ ಶ್ವಾಸಕೋಶ, ಪಿತ್ತಜನಕಾಂಗಗಳನ್ನು ನಾಯಿಗೆ ಎಸೆಯುವ ರೂಢಿ ಹಲವೆಡೆ ಇದೆ. ಇದು ಅಪಾಯಕರ. ಆ ಅಂಗಗಳಲ್ಲಿ ಒಂದು ಬಗೆಯ ಲಾಡಿಹುಳುವಿನ ಗುಳ್ಳೆಗಳಿರಬಹುದು. ಅವು ನಾಯಿಯ ಕರುಳಿನಲ್ಲಿ ಹುಳುಗಳಾಗಿ, ಮಲದ ಮೂಲಕ ಮೊಟ್ಟೆಗಳು ಹೊರಬಿದ್ದು, ಹುಲ್ಲಿನಿಂದ ಕುರಿಗೂ, ತೊಳೆಯದ ಕೈಯಿಂದ ಮನುಷ್ಯನಿಗೂ ಸೇರುತ್ತವೆ. ಮನುಷ್ಯನ ಪಿತ್ತಜನಕಾಂಗದಲ್ಲಿ ದೊಡ್ಡ ಗುಳ್ಳೆಗಳಾಗಿ ಬೆಳೆಯುತ್ತವೆ. ಹಸಿಯ ಅಂಗಗಳನ್ನು ಹೂಳುವುದು, ಪಶುವೈದ್ಯರು ಹೇಳಿದ ಕಾಲಕ್ಕೆ ನಾಯಿಗೆ ಜಂತಿನ ಔಷಧ ಕೊಡುವುದು, ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆದು ಉಣ್ಣುವುದು — ಈ ಮೂರು ಸಣ್ಣ ನಿಯಮಗಳಿಂದ ಇಷ್ಟು ದೊಡ್ಡ ಕೇಡು ತಪ್ಪುತ್ತದೆ.

ಮೂರನೆಯದು ಬಿಸಿಲು. ನಾಗಪುರದ ಸೀಮೆಯಲ್ಲಿ ಬೇಸಗೆಯ ತಾಪ ೪೫ ಡಿಗ್ರಿ ಮುಟ್ಟುವುದುಂಟು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರದು. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ನೆರಳು, ನೀರು, ಗಾಳಿ ಮೂರೂ ಅದಕ್ಕೆ ಅವಶ್ಯ. ದಟ್ಟ ರೋಮದ ನಾಯಿಯ ಮೈಯನ್ನು ಬೋಳಿಸಿದರೆ ತಂಪಾಗುವುದೆಂದು ಭಾವಿಸಬಾರದು. ಆ ರೋಮವು ಬಿಸಿಲನ್ನೂ ತಡೆಯುತ್ತದೆ. ದಿನವೂ ಬಾಚಿ ಸತ್ತ ಕೂದಲನ್ನು ತೆಗೆದರೆ ಸಾಕು. ಆಗ ಕಿವಿಯ ಹಿಂದೆ, ಬೆರಳುಗಳ ಸಂದಿನಲ್ಲಿ ಕಚ್ಚಿಕೊಂಡ ಉಣ್ಣೆಹುಳುಗಳೂ ಕಣ್ಣಿಗೆ ಬೀಳುತ್ತವೆ.

ನಾಲ್ಕನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಚುಚ್ಚುಮದ್ದು. ಹುಚ್ಚುನಾಯಿ ರೋಗವು ಒಮ್ಮೆ ತಲೆದೋರಿದರೆ ಪ್ರಾಣ ಉಳಿಯುವುದು ಇಲ್ಲವೆಂಬಷ್ಟು ವಿರಳ. ಆದರೆ ಅದನ್ನು ತಡೆಯುವುದು ಸುಲಭ. ೧೮೮೫ರಲ್ಲಿ ಲೂಯಿ ಪಾಶ್ಚರರು ಜೋಸೆಫ್ ಮೈಸ್ಟರನೆಂಬ ಒಂಬತ್ತು ವರ್ಷದ ಬಾಲಕನಿಗೆ ಮದ್ದು ಚುಚ್ಚಿ ಉಳಿಸಿದಂದಿನಿಂದ ಈ ವಿದ್ಯೆ ಲೋಕಕ್ಕೆ ದೊರೆತಿದೆ. ನಾಯಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು ಹಾಕಿಸಿ, ವೈದ್ಯರು ಹೇಳಿದಂತೆ ವರ್ಷ ವರ್ಷವೂ ಮುಂದುವರಿಸತಕ್ಕದ್ದು. ನಿಮ್ಮಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ, ಪರಚಿದರೆ, ಅದು ಸಾಕಿದ ನಾಯಿಯೇ ಆಗಿದ್ದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚಬೇಡಿರಿ. ಹಿರಿಯರಿಗೆ ಮುಚ್ಚಿಡದೆ ತಿಳಿಸಿ ಅಂದೇ ಆಸ್ಪತ್ರೆಗೆ ಹೋಗಿರಿ. ಹೇಳಿದಷ್ಟೂ ಚುಚ್ಚುಮದ್ದುಗಳನ್ನು ಪೂರೈಸಿರಿ. ಬೈಗುಳಕ್ಕೆ ಹೆದರಿ ಗಾಯವನ್ನು ಮರೆಮಾಡಿದ ಮಕ್ಕಳೇ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತಾರೆ.

ಚುಚ್ಚುಮದ್ದಿನ ಉಪಕಾರ ಕಾಡಿಗೂ ಸಲ್ಲುತ್ತದೆ. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿ ಅರಣ್ಯದ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಡಿಸ್ಟೆಂಪರ್ ಎಂಬ ನಾಯಿಗಳ ರೋಗದಿಂದ ಸತ್ತವು. ಆ ಸೋಂಕಿನ ಮೂಲ ಸುತ್ತಲಿನ ಹಳ್ಳಿಗಳ ನಾಯಿಗಳೆಂದು ವಿಜ್ಞಾನಿಗಳು ಕಂಡುಕೊಂಡರು.

ನಗರದ ಮನೆಯಲ್ಲಿ

ಇಷ್ಟು ಓದಿದ ಮೇಲೆ ‘ನಮ್ಮ ಮನೆಗೂ ಇಂಥದೊಂದು ನಾಯಿ ಬೇಕು’ ಎಂದು ನಿಮ್ಮಲ್ಲಿ ಕೆಲವರು ಆಸೆಪಡಬಹುದು. ಆದರೆ ಯೋಚಿಸಿ ನೋಡಿರಿ. ಇರುಳು ಬೊಗಳುವುದು ಅದರ ಧರ್ಮ. ನಗರದ ನೆರೆಹೊರೆಗೆ ಅದೇ ದೊಡ್ಡ ತೊಂದರೆ. ಗಡಿ ಸುತ್ತುವುದು ಅದರ ಸ್ವಭಾವ. ಎರಡು ಕೋಣೆಯ ಮನೆಯಲ್ಲಿ ಅದು ಎಲ್ಲಿ ಸುತ್ತೀತು? ಒಡೆಯನ ಅಪ್ಪಣೆಗೆ ಕಾಯದೆ ತಾನೇ ನಿರ್ಧರಿಸುವುದು ಅದರ ಹೆಚ್ಚಳ. ಮೆಟ್ಟಿಲ ಮೇಲೆ ಎದುರಾದ ಅಪರಿಚಿತನ ಮುಂದೆ ಅದೇ ಗುಣ ಆಪತ್ತು. ಮಂದೆಯಲ್ಲಿ ಯಾವುದು ಸದ್ಗುಣವೋ ಬೀದಿಯಲ್ಲಿ ಅದೇ ಅಪರಾಧವೆನಿಸುತ್ತದೆ. ೨೦೨೪ರ ಮಾರ್ಚಿಯಲ್ಲಿ ಕೇಂದ್ರ ಸರಕಾರದವರು ಕ್ರೂರವೆಂದು ಹೆಸರಿಸಿ ೨೩ ಬಗೆಯ ನಾಯಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿದಾಗ ಅದರಲ್ಲಿ ಕಾಂಗಾಲ್ ಮೊದಲಾದ ಕಾವಲು ತಳಿಗಳೂ ಸೇರಿದ್ದವು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂಬ ಕಾರಣದಿಂದ ಕರ್ನಾಟಕದ ಉಚ್ಚ ನ್ಯಾಯಾಲಯವು ಮುಂದಿನ ತಿಂಗಳಲ್ಲೇ ಆ ಸುತ್ತೋಲೆಯನ್ನು ರದ್ದುಪಡಿಸಿತು. ನ್ಯಾಯಾಲಯದ ತೀರ್ಪು ಏನೇ ಇರಲಿ, ಮಾಡಲು ಕೆಲಸವೂ ಓಡಾಡಲು ನೆಲವೂ ಇಲ್ಲದ ಕಡೆ ಇಂಥ ಪ್ರಾಣಿಯನ್ನು ಕಟ್ಟಿಹಾಕುವುದು ಪ್ರೀತಿಯೆನಿಸದು. ನಗರದವರಿಗೆ ಊರನಾಯಿಯ ಮರಿಯೇ ಸಾಕು. ಅದಕ್ಕೆ ಚುಚ್ಚುಮದ್ದು ಹಾಕಿಸಿ, ಹೊತ್ತಿಗೆ ಅನ್ನವಿಟ್ಟು, ಬದುಕಿನ ಕೊನೆಯವರೆಗೆ ಕೈಬಿಡದೆ ಸಾಕಿದರೆ ಅದೇ ದೊಡ್ಡ ಮಾತು.

ರಜೆಯಲ್ಲಿ ಹಳ್ಳಿಗೆ ಹೋದಾಗ ದಾರಿಯಲ್ಲಿ ಮಂದೆ ಎದುರಾದರೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಹೇಳಿಬಿಡುತ್ತೇವೆ. ಕುರಿಗಳ ನಡುವೆ ನುಗ್ಗಬೇಡಿರಿ. ಮರಿಗಳನ್ನು ಎತ್ತಿಕೊಳ್ಳಲು ಹೋಗಬೇಡಿರಿ. ನಾಯಿ ಬೊಗಳುತ್ತ ಬಂದರೆ ಓಡಬೇಡಿರಿ, ಕಲ್ಲೆತ್ತಬೇಡಿರಿ, ಅದರ ಕಣ್ಣನ್ನೇ ದಿಟ್ಟಿಸಬೇಡಿರಿ. ಸೈಕಲ್ಲಿನ ಮೇಲಿದ್ದರೆ ಇಳಿದು ಅದನ್ನು ಅಡ್ಡವಾಗಿ ಹಿಡಿಯಿರಿ. ನಿಂತು, ಕುರಿಗಾರನನ್ನು ‘ಅಣ್ಣಾ’ ಎಂದು ಕೂಗಿರಿ. ಮಂದೆಗೆ ಹೊರಗಾಗಿ ಸುತ್ತುಬಳಸಿ ನಡೆಯಿರಿ. ನೀವು ಮಂದೆಗೆ ಕೇಡು ಬಗೆಯುವವರಲ್ಲವೆಂದು ತಿಳಿದರೆ ಆ ನಾಯಿಗೆ ನಿಮ್ಮ ಮೇಲೆ ಹಗೆಯಿಲ್ಲ.

ಮಂದೆಗಳು ಮೇಯುವ ಬಯಲುಗಳು ವರ್ಷ ವರ್ಷಕ್ಕೆ ಕಿರಿದಾಗುತ್ತಿವೆ. ರಸ್ತೆ, ಕಾರ್ಖಾನೆ, ಬೇಲಿಗಳು ಕುರಿಗಾರನ ಹಾದಿಯನ್ನು ಕಡಿಯುತ್ತಿವೆ; ಅವನ ಮಕ್ಕಳಲ್ಲಿ ಅನೇಕರು ಬೇರೆ ಕಸುಬು ಹಿಡಿದಿದ್ದಾರೆ. ಕುರಿಗಾರನಿಲ್ಲದೆ ಮಂದೆಯಿಲ್ಲ, ಮಂದೆಯಿಲ್ಲದೆ ಈ ಜಾಣ ನಾಯಿಗಳನ್ನು ತಯಾರಿಸುವ ಪಾಠಶಾಲೆಯೂ ಇಲ್ಲ. ಆದುದರಿಂದ ಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ಮಂದೆ ನಡೆಸಿಕೊಂಡು ಹೋಗುವವನನ್ನು ಕಂಡಾಗ, ಅವನಲ್ಲಿ ಪುಸ್ತಕಗಳಲ್ಲಿ ಸಿಗದ ಒಂದು ವಿದ್ಯೆಯಿದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಲಿ. ಸಮಯ ಸಿಕ್ಕರೆ ಅವನ ಬಳಿ ಕುಳಿತು, ಅವನ ನಾಯಿಯ ಹೆಸರನ್ನೂ ಅದನ್ನು ಬೆಳೆಸಿದ ಬಗೆಯನ್ನೂ ಕೇಳಿ ತಿಳಿಯಲಿ.